ಅಪರಾಧಿಯಿಲ್ಲದ ಋಣ

ಒಬ್ಬನಿಗೆ ನೋವುಂಟಾದರೆ "ಇದನ್ನು ಮಾಡಿದವರು ಯಾರು?" ಎಂದು ಕೇಳುವುದು ಮನುಷ್ಯನಿಗೆ ಸಹಜ. ನ್ಯಾಯಸ್ಥಾನಗಳ ಕೆಲಸದಲ್ಲಿ ಬಹುಭಾಗ ಈ ಪ್ರಶ್ನೆಯ ಮೇಲೆಯೇ ನಿಂತಿದೆ. ಮಾಡಿದವನು ಸಿಕ್ಕಿ ಅವನ ತಪ್ಪು ಸಿದ್ಧಪಟ್ಟರೆ ಅವನಿಂದ ಪರಿಹಾರವನ್ನು ಕೊಡಿಸತಕ್ಕದ್ದು. ಸಿಕ್ಕದಿದ್ದರೆ ನೊಂದವನು ಅದನ್ನು ಹಣೆಯಬರೆಹವೆಂದುಕೊಂಡು ಸುಮ್ಮನಾಗತಕ್ಕದ್ದು. ಈ ಎರಡು ದಾರಿಗಳ ನಡುವೆ ಮೂರನೆಯದೊಂದು ಇರಬಹುದೆ? ಅಪರಾಧಿ ಯಾರೂ ಇಲ್ಲ, ಆದರೂ ತೀರಿಸಬೇಕಾದ ಋಣವುಂಟು ಎಂದು ಹೇಳಬಹುದಾದ ಸಂದರ್ಭವುಂಟೆ? ಇದನ್ನು ಬರಿಯ ತರ್ಕದಿಂದ ವಿಚಾರಮಾಡುವುದಕ್ಕಿಂತ ಒಂದು ನಿಜವಾದ ಉದಾಹರಣೆಯನ್ನು ಮುಂದಿಟ್ಟುಕೊಳ್ಳುವುದು ಲೇಸು. ಉದಾಹರಣೆ ಅಮೆರಿಕಾ ಸಂಯುಕ್ತ ಸಂಸ್ಥಾನದ್ದು. ವಿಷಯ, ಲಸಿಕೆ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಬರುವ ಭುಜದ ಬೇನೆ.

ಮೊದಲು ಬೇನೆಯ ಸ್ವರೂಪವನ್ನು ತಿಳಿಯೋಣ. ಚುಚ್ಚುಮದ್ದನ್ನು ತೋಳಿನ ಮೇಲ್ಭಾಗದ ದಪ್ಪ ಸ್ನಾಯುವಿಗೆ, ಭುಜದ ತುದಿಯ ಎಲುಬಿನಿಂದ ಎರಡು ಮೂರು ಬೆರಳಗಲ ಕೆಳಗೆ ಹಾಕುವುದು ವಾಡಿಕೆ. ಹಾಕಿದ ದಿನ ತೋಳು ನೋಯುವುದು, ಮರುದಿನವೋ ಅದರ ಮರುದಿನವೋ ಇಳಿದುಹೋಗುವುದು ಎಲ್ಲರೂ ಕಂಡದ್ದೇ. ಆದರೆ ಸೂಜಿಯು ತೀರ ಮೇಲಕ್ಕೆ ತಾಗಿದರೆ, ಕೀಲಿನ ಬಳಿ ಎಲುಬು ಸ್ನಾಯುರಜ್ಜುಗಳು ಒಂದಕ್ಕೊಂದು ಉಜ್ಜದಂತೆ ಕಾಪಾಡುವ ದ್ರವದ ಸಣ್ಣ ಚೀಲದೊಳಕ್ಕೆ ಔಷಧಿಯು ಹೋಗಿ ಬೀಳಬಹುದು. ಆಗ ಅಲ್ಲಿ ಉಂಟಾಗುವ ಉರಿಯೂತವು ಬೇಗ ಶಮನವಾಗದು. ತಲೆ ಬಾಚಿಕೊಳ್ಳುವುದಕ್ಕೆ, ಅಟ್ಟದ ಮೇಲಿನ ಡಬ್ಬಿಯನ್ನು ಇಳಿಸುವುದಕ್ಕೆ, ಆ ಮಗ್ಗುಲಿಗೆ ಮಲಗುವುದಕ್ಕೆ ತಿಂಗಳುಗಟ್ಟಲೆ ಕಷ್ಟ. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ೨೦೧೦ರಲ್ಲಿ ಅಮೆರಿಕೆಯ ಕೆಲವು ವೈದ್ಯರು ಇಂತಹ ೧೩ ಮಂದಿಯ ವೃತ್ತಾಂತವನ್ನು ಒಟ್ಟುಗೂಡಿಸಿ ಪ್ರಕಟಿಸಿ ಈ ಬೇನೆಗೊಂದು ಹೆಸರನ್ನು ಕೊಟ್ಟರು. ಸೂಜಿಯ ಇರಿತವೊಂದೇ ಇದಕ್ಕೆ ಕಾರಣವಾಗಿರಲಾರದು, ಇರಬಾರದ ಜಾಗಕ್ಕೆ ಹೋದ ಔಷಧಿಯನ್ನು ದೇಹವು ಎದುರಿಸುವ ಬಗೆಯೂ ಸೇರಿರಬೇಕು ಎಂಬುದು ಅವರ ಊಹೆ. ಬೇನೆಯು ವಿರಳವಾದದ್ದು, ಪ್ರಾಣಾಂತಿಕವೂ ಅಲ್ಲ. ಆದರೆ ವಿರಳವೆಂಬ ಮಾತು ಎಣಿಸುವವನಿಗೆ ಸಮಾಧಾನವನ್ನು ಕೊಟ್ಟೀತೇ ಹೊರತು ಅನುಭವಿಸುವವನಿಗೆ ಕೊಡಲಾರದು.

ಇನ್ನು ಕಾನೂನಿನ ಮಾತು. ಸಿಡುಬು ಹಬ್ಬಿದ ಸಮಯದಲ್ಲಿ ಲಸಿಕೆ ಹಾಕಿಸಿಕೊಳ್ಳಲು ಒಪ್ಪದವನಿಂದ ೫ ಡಾಲರು ದಂಡ ವಸೂಲುಮಾಡುವುದು ನ್ಯಾಯವೆಂದು ಆ ದೇಶದ ಪರಮೋಚ್ಚ ನ್ಯಾಯಸ್ಥಾನವು ೧೯೦೫ರಲ್ಲಿಯೇ ತೀರ್ಪುಕೊಟ್ಟಿತ್ತು. ಸಮಾಜಕ್ಕೆ "ನಿನ್ನ ತೋಳನ್ನು ಚಾಚು" ಎಂದು ಹೇಳುವ ಅಧಿಕಾರವುಂಟೆಂದು ಹೀಗೆ ಸ್ಥಿರಪಟ್ಟಿತು. ಚಾಚಿದ ತೋಳಿಗೆ ಕೇಡಾದರೆ ಸಮಾಜದ ಕರ್ತವ್ಯವೇನೆಂಬ ಪ್ರಶ್ನೆಯು ಮಾತ್ರ ಬಹುಕಾಲ ಉತ್ತರವಿಲ್ಲದೆ ಉಳಿಯಿತು. ನೊಂದವರು ಔಷಧಿ ತಯಾರಿಸಿದವರ ಮೇಲೆ ವ್ಯಾಜ್ಯ ಹೂಡಬೇಕಾಗಿತ್ತು. ೧೯೮೦ರ ದಶಕದಲ್ಲಿ ಇಂತಹ ವ್ಯಾಜ್ಯಗಳು ಹೆಚ್ಚಿ, ತಯಾರಕರು ಒಬ್ಬೊಬ್ಬರಾಗಿ ಲಸಿಕೆಯ ವ್ಯಾಪಾರವನ್ನೇ ಬಿಡತೊಡಗಿದರು. ಮಕ್ಕಳಿಗೆ ಲಸಿಕೆ ಸಿಕ್ಕುವುದೇ ದುರ್ಲಭವಾದೀತೆಂಬ ಭಯ ಹುಟ್ಟಿತು. ಆಗ, ೧೯೮೬ರಲ್ಲಿ, ಅಮೆರಿಕೆಯ ಶಾಸನಸಭೆಯು ಹೊಸದೊಂದು ಏರ್ಪಾಡನ್ನು ಮಾಡಿತು. ಅದು ೧೯೮೮ರಲ್ಲಿ ಆಚರಣೆಗೆ ಬಂತು.

ಏರ್ಪಾಡಿನ ಸಾರಾಂಶವಿಷ್ಟು. ಒಂದು ರೋಗವನ್ನು ತಡೆಯುವ ಲಸಿಕೆಗೆ ಪ್ರತಿಯೊಂದು ಸಲವೂ ೭೫ ಸೆಂಟುಗಳ ಸುಂಕ. ಅದೆಲ್ಲವೂ ಒಂದು ನಿಧಿಗೆ ಸೇರುತ್ತದೆ. ಲಸಿಕೆಯಿಂದ ಕೇಡಾಯಿತೆನ್ನುವವನು ತಯಾರಕನ ಮೇಲಾಗಲಿ ಹಾಕಿದವನ ಮೇಲಾಗಲಿ ದೊಡ್ಡ ಮೊತ್ತದ ವ್ಯಾಜ್ಯಕ್ಕೆ ಹೋಗುವ ಮುನ್ನ ಈ ನಿಧಿಯ ವಿಚಾರಣೆಗೆ ಅರ್ಜಿ ಹಾಕತಕ್ಕದ್ದು. ಯಾವ ಲಸಿಕೆಯ ತರುವಾಯ ಎಷ್ಟು ಕಾಲದೊಳಗೆ ಯಾವ ಕೇಡು ಕಾಣಿಸಿಕೊಂಡರೆ ಅದು ಲಸಿಕೆಯಿಂದಲೇ ಆದದ್ದೆಂದು ಭಾವಿಸಬೇಕೆಂಬುದಕ್ಕೆ ಒಂದು ಪಟ್ಟಿಯುಂಟು. ಪಟ್ಟಿಗೆ ಹೊಂದಿಕೊಂಡರೆ ಯಾರು ತಪ್ಪುಮಾಡಿದರೆಂದು ತೋರಿಸಬೇಕಾಗಿಲ್ಲ. ವೈದ್ಯದ ವೆಚ್ಚ, ಕಳೆದುಹೋದ ಸಂಪಾದನೆ, ಮತ್ತು ಪಟ್ಟ ಯಾತನೆಗೆ ೨,೫೦,೦೦೦ ಡಾಲರುಗಳಿಗೆ ಮೀರದ ಮೊತ್ತ, ಇವು ದೊರೆಯುತ್ತವೆ. ಸದ್ಭಾವದಿಂದಲೂ ತಕ್ಕ ಆಧಾರದಿಂದಲೂ ಅರ್ಜಿ ಹಾಕಿದ್ದರೆ, ಸೋತವನ ವಕೀಲರ ಫೀಜನ್ನು ಸಹ ನಿಧಿಯಿಂದಲೇ ಕೊಡಬಹುದು.

೨೦೧೭ರಲ್ಲಿ ಭುಜದ ಬೇನೆಯನ್ನೂ ಈ ಪಟ್ಟಿಗೆ ಸೇರಿಸಿದರು. ಮೊದಲು ಆ ಭುಜದಲ್ಲಿ ನೋವಿರಬಾರದು. ಲಸಿಕೆಯಾದ ೪೮ ಗಂಟೆಗಳೊಳಗೆ ಅದು ಆರಂಭವಾಗಿರಬೇಕು. ಲಸಿಕೆ ಹಾಕಿದ ಭುಜವನ್ನು ಬಿಟ್ಟು ಬೇರೆ ಕಡೆಗೆ ಹರಡಿರಬಾರದು. ಬೇರೆ ಕಾರಣ ಕಾಣಬಾರದು. ಶಸ್ತ್ರಚಿಕಿತ್ಸೆಯ ಪ್ರಸಂಗವನ್ನು ಬಿಟ್ಟರೆ ಆರು ತಿಂಗಳಿಗೆ ಮೀರಿ ಉಳಿದಿರಬೇಕು. ಇವು ನಿಬಂಧನೆಗಳು. ಬಹುಬೇಗ ಭುಜದ ಅರ್ಜಿಗಳೇ ಮಿಕ್ಕೆಲ್ಲವನ್ನೂ ಮೀರಿಸುವಷ್ಟಾದವು. ೨೦೨೦ರಲ್ಲಿ ಆರೋಗ್ಯ ಇಲಾಖೆಯು ಇದನ್ನು ಪಟ್ಟಿಯಿಂದ ತೆಗೆದುಹಾಕುವ ಸೂಚನೆಯನ್ನು ಹೊರಡಿಸಿತು. ೨೦೨೧ರ ಜನವರಿಯಲ್ಲಿ ಅದು ನಿಯಮವೂ ಆಯಿತು. ಆಚರಣೆಗೆ ಬರುವ ಮುನ್ನವೇ, ಏಪ್ರಿಲಿನಲ್ಲಿ, ಹೊಸ ಸರ್ಕಾರವು ಅದನ್ನು ಹಿಂದಕ್ಕೆ ತೆಗೆದುಕೊಂಡಿತು.

ನಿಯಮವು ಹೋಯಿತು, ಅದು ಎತ್ತಿದ ಪ್ರಶ್ನೆ ಹೋಗಲಿಲ್ಲ. ಇಲಾಖೆಯ ವಾದವನ್ನು ಅದರ ಪೂರ್ಣಬಲದೊಡನೆಯೇ ಹೇಳಬೇಕು. ಲಸಿಕೆಯಲ್ಲಿ ದೋಷವಿಲ್ಲ, ದೋಷವಿರುವುದು ಹಾಕಿದವನ ಕೈಯಲ್ಲಿ. ಎಷ್ಟು ಜಾಗರೂಕತೆಯಿಂದ ಮಾಡಿದರೂ ತಪ್ಪಿಸಲಾಗದ ಕೇಡಿಗಾಗಿ ನಿಧಿಯನ್ನು ಕಟ್ಟಿದ್ದಾಗಿದೆ. ತಪ್ಪಿಸಬಹುದಾದ ಕೇಡಿಗೆ ತಪ್ಪಿಸದವನೇ ಹೊಣೆ. ಎರಡು ಬೆರಳು ಕೆಳಗೆ ಚುಚ್ಚಬಹುದಾಗಿದ್ದವನು ಮೇಲೆ ಚುಚ್ಚಿದರೆ ಅವನ ಅಜಾಗರೂಕತೆಯ ಬೆಲೆಯನ್ನು ಎಲ್ಲರೂ ಏಕೆ ತೆರಬೇಕು? ಅವನಿಗೆ ಭಯವಿಲ್ಲದಂತಾದರೆ ನಾಳೆ ಮತ್ತೊಬ್ಬರ ಭುಜವನ್ನು ಅವನು ಕಾಪಾಡುವನೆ? ಅಲ್ಲದೆ ವಿಚಾರಣಾಧಿಕಾರಿಗಳು ಕೆಲವೇ ಮಂದಿ. ಭುಜದವರ ಸಾಲು ಬೆಳೆದಷ್ಟೂ ಜನ್ಮವೆಲ್ಲ ಅಂಗಹೀನವಾಗಿ ಕಳೆಯಬೇಕಾದ ಮಗುವಿನ ಅರ್ಜಿ ಹಿಂದೆ ಬೀಳುತ್ತದೆ. ಇವು ತಳ್ಳಿಹಾಕತಕ್ಕ ಮಾತುಗಳಲ್ಲ.

ಆದರೂ ಈ ವಾದದಲ್ಲಿ ಎರಡು ವಸ್ತುಗಳು ಒಂದಾಗಿ ಕಲೆತುಹೋಗಿವೆ. ಅವು ದಂಡ ಮತ್ತು ಪರಿಹಾರ. ದಂಡದ ದೃಷ್ಟಿ ಮಾಡಿದವನ ಕಡೆಗೆ, ಪರಿಹಾರದ ದೃಷ್ಟಿ ನೊಂದವನ ಕಡೆಗೆ. ಊರವರೆಲ್ಲ ಸೇರಿ ಕೆರೆಯ ಏರಿಯನ್ನು ಕಟ್ಟುತ್ತಿದ್ದಾರೆಂದಿಟ್ಟುಕೊಳ್ಳೋಣ. ಒಬ್ಬನ ಕೈಯಿಂದ ಕಲ್ಲು ಜಾರಿ ಮತ್ತೊಬ್ಬನ ಕಾಲ ಮೇಲೆ ಬೀಳುತ್ತದೆ. ಆಗ ಊರ ಹಿರಿಯರು "ಕಲ್ಲು ಹೊತ್ತವನು ಎಚ್ಚರದಪ್ಪಿದನೋ ಕಲ್ಲೇ ನುಣುಪಾಗಿತ್ತೋ ಅದು ತೀರ್ಮಾನವಾಗಲಿ, ಅಲ್ಲಿಯತನಕ ನಿನ್ನ ಮನೆಯ ಒಲೆಯನ್ನು ನೀನೇ ನೋಡಿಕೋ" ಎಂದರೆ, ಮರುವರ್ಷ ಏರಿಯ ಕೆಲಸಕ್ಕೆ ಯಾರು ಬಂದಾರು? ಜಾರಿದ ಕೈಯನ್ನು ಗದರಿಸುವುದು ಬೇರೆ ಕೆಲಸ, ಅದೂ ಆಗಬೇಕಾದದ್ದೇ. ಆದರೆ ಆ ಮನೆಗೆ ಊರಿನಿಂದ ಕಾಳು ಸಲ್ಲಬೇಕಾದದ್ದು ಅವನು ಏರಿಗೆ ಬಂದದ್ದರಿಂದ. ಊರು ಕರೆಯಿತು, ಅವನು ಬಂದನು. ಋಣವು ಅಲ್ಲಿಯೇ ಹುಟ್ಟಿತು. ಕಲ್ಲು ಜಾರಿದ ಬಗೆಯು ಅದನ್ನು ಹೆಚ್ಚಿಸಲಾರದು, ಕಡಿಮೆಮಾಡಲೂ ಆರದು.

ಲಸಿಕೆಯ ವಿಷಯದಲ್ಲಿಯೂ ಹೀಗೆಯೇ. ಸೀಸೆಯೊಳಗಿರುವ ಔಷಧಿ ಸೀಸೆಯಲ್ಲಿದ್ದುಕೊಂಡು ಯಾರನ್ನೂ ರಕ್ಷಿಸಲಾರದು. ಅದಕ್ಕೆ ಸೂಜಿ ಬೇಕು, ಸೂಜಿಗೆ ಕೈ ಬೇಕು, ಕೈಗೆ ಚಾಚಿದ ತೋಳೊಂದು ಬೇಕು. ತೋಳನ್ನು ಚಾಚಿದವನು ಒಪ್ಪಿದ್ದು ಈ ಇಡೀ ಕ್ರಿಯೆಗೆ. ಕೋಟ್ಯಂತರ ಸಲ, ಅಂಗಡಿಗಳಲ್ಲಿ, ಶಾಲೆಗಳಲ್ಲಿ, ಅವಸರದ ಸಾಲುಗಳಲ್ಲಿ ನಡೆಯುವ ಕೆಲಸದಲ್ಲಿ ಕೆಲವು ಕೈಗಳು ಎರಡು ಬೆರಳಿನಷ್ಟು ಮೇಲೆ ಹೋಗುವುದು ಆ ಕೆಲಸಕ್ಕೇ ಅಂಟಿಕೊಂಡಿರುವ ಅಪಾಯ. ಇದು ಇಂತಹ ವ್ಯಕ್ತಿಯ ದುರ್ಗುಣವೆಂದು ಬೊಟ್ಟುಮಾಡಿ ಹೇಳುವುದು ಸುಲಭವಲ್ಲ. ೧೯೮೬ರ ಶಾಸನವೂ ತಯಾರಿಸಿದವನೊಡನೆ ಹಾಕುವವನನ್ನೂ ಸೇರಿಸಿಯೇ ಮಾತಾಡಿದೆಯೆಂಬುದನ್ನು ಮರೆಯಬಾರದು.

ಇದಕ್ಕಿಂತಲೂ ಸೂಕ್ಷ್ಮವಾದ ಕಾರಣವೊಂದುಂಟು. ಒಬ್ಬನನ್ನು ಅಪರಾಧಿಯೆಂದು ನಿರ್ಣಯಿಸುವಾಗ ಸಾಕ್ಷ್ಯವು ಬಿಗಿಯಾಗಿರಬೇಕು. ತಪ್ಪಿದರೆ ನಿರಪರಾಧಿಯ ಹೆಸರು ಕೆಡುತ್ತದೆ, ಜೀವನೋಪಾಯ ಹೋಗುತ್ತದೆ. ಆದುದರಿಂದ ಸಂಶಯದ ಲಾಭವು ಆರೋಪಿತನಿಗೆ ಸಲ್ಲುವುದು ನ್ಯಾಯ. ಭುಜದ ಬೇನೆಯಲ್ಲಾದರೋ ಸಾಕ್ಷ್ಯವೆಂಬುದು ಬಹು ತೆಳ್ಳನೆಯದು. ಸೂಜಿ ತಾಗಿದ ಜಾಗವನ್ನು ಯಾರೂ ಅಳೆದಿಟ್ಟಿರುವುದಿಲ್ಲ. ಗುರುತು ಮೂರು ದಿನಕ್ಕೆ ಮಾಯುತ್ತದೆ. ಹಾಕಿದವನಿಗೆ ಅಂದು ಬಂದ ನೂರು ತೋಳುಗಳಲ್ಲಿ ಇದು ಯಾವುದೆಂಬ ನೆನಪೂ ಇರದು. ಇಂತಹವನ್ನು ಅಪರಾಧದ ನ್ಯಾಯಸ್ಥಾನಕ್ಕೆ ಕಳುಹಿಸಿದರೆ ನೊಂದವನಿಗೆ ಸೋಲು ಬಹುಮಟ್ಟಿಗೆ ನಿಶ್ಚಯ, ಗೆದ್ದರೆ ಮತ್ತೊಬ್ಬನಿಗೆ ಅನ್ಯಾಯವಾದೀತೆಂಬ ಶಂಕೆ. ಯಾರ ಮೇಲೂ ಅಪವಾದ ಹೊರಿಸದಿದ್ದಾಗ ಮಾತ್ರ ಸಂಶಯದ ಲಾಭವನ್ನು ನೊಂದವನಿಗೆ ಕೊಡಬಹುದು. ಕೆಲವೊಮ್ಮೆ ವಯಸ್ಸಿನಿಂದ ತಾನಾಗಿಯೇ ಬಂದ ನೋವಿಗೂ ಹಣ ಸಂದಿರಬಹುದು. ಅಂತಹ ತಪ್ಪಿನಿಂದ ನಷ್ಟವಾಗುವುದು ಹಣ ಮಾತ್ರ. ಯಾರ ಮಾನವೂ ಅಲ್ಲ. ನಿಜವಾಗಿ ನೊಂದವನನ್ನು ಬಾಗಿಲಿನಿಂದ ಹಿಂದಿರುಗಿಸುವುದಕ್ಕಿಂತ ಈ ತಪ್ಪು ಸಹ್ಯವಾದದ್ದು. ಔದಾರ್ಯಕ್ಕೂ ಅಪವಾದಕ್ಕೂ ಒಂದೇ ಮನೆಯಲ್ಲಿ ವಾಸ ಸಾಧ್ಯವಿಲ್ಲ, ಎರಡರಲ್ಲೊಂದನ್ನು ಹೊರಗಿಡಲೇಬೇಕು.

ಇಲ್ಲಿ ವಿವೇಕಿಗಳಾದ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಲಸಿಕೆ ಹಾಕಿಸಿಕೊಂಡವನು ತನ್ನ ಹಿತಕ್ಕಾಗಿಯೂ ಹಾಕಿಸಿಕೊಂಡನಲ್ಲವೆ? ಶೀತಜ್ವರ ಬಾರದಿರಲೆಂದು ತಾನೇ ಹೋದವನಿಗೆ ಸಮಾಜವು ಋಣಿಯಾಗುವುದು ಹೇಗೆ? ಮಾತು ದಿಟ. ಆತನನ್ನು ತ್ಯಾಗಿಯೆಂದು ಹೊಗಳಬೇಕಾಗಿಲ್ಲ. ಆದರೆ ಅವನು ಪಡೆದ ರಕ್ಷೆಯನ್ನೇ ಭುಜ ನೋಯದ ಲಕ್ಷಾಂತರ ಮಂದಿಯೂ ಪಡೆದಿದ್ದಾರೆ. ಲಾಭವು ಎಲ್ಲರಿಗೂ ಹಂಚಿಹೋಗಿ ನಷ್ಟವು ಒಬ್ಬನ ಹೆಗಲ ಮೇಲೆಯೇ ಕುಳಿತರೆ ಅದು ಸಮಪಾಲಾಗದು. ೭೫ ಸೆಂಟುಗಳ ಸುಂಕದ ನಿಜವಾದ ಅರ್ಥವಿದು. ತಯಾರಕನು ಕಟ್ಟಿದರೂ ಅದು ಬೆಲೆಯೊಳಗೆ ಸೇರಿ ಹಾಕಿಸಿಕೊಳ್ಳುವವರ ಪರವಾಗಿಯೇ ಸಲ್ಲುತ್ತದೆ. ನೆಟ್ಟಗೆ ಮನೆಗೆ ಹೋದ ಪ್ರತಿಯೊಂದು ತೋಳೂ ನೆಟ್ಟಗೆ ಹೋಗದ ತೋಳಿಗಾಗಿ ಒಂದಿಷ್ಟು ಇಟ್ಟುಹೋದಂತಾಯಿತು. ಇದನ್ನು ಭಿಕ್ಷೆಯೆನ್ನಲಾಗದು, ದಾನವೆನ್ನಲೂ ಆಗದು.

ಮತ್ತೊಂದು ಆಕ್ಷೇಪ: ಇಂತಹ ಕೇಡುಗಳಿಗೆ ಪರಿಹಾರ ಕೊಡುತ್ತ ಹೋದರೆ ಲಸಿಕೆಯೇ ಕೇಡೆಂದು ಜನರು ಹೆದರುವುದಿಲ್ಲವೆ? ಜನರನ್ನು ಹೆದರಿಸುವುದು ಕೇಡಿನ ಸುದ್ದಿಗಿಂತ ಹೆಚ್ಚಾಗಿ ಕೇಡನ್ನು ಮುಚ್ಚುವ ರೀತಿ. "ಕೆಲವರಿಗೆ ಹೀಗಾಗುವುದುಂಟು, ಆದರೆ ನಾವು ಕೈಬಿಡುವುದಿಲ್ಲ" ಎನ್ನುವವನ ಮಾತಿನಲ್ಲಿ ಹುಟ್ಟುವ ನಂಬಿಕೆಯು, "ಏನೂ ಆಗುವುದಿಲ್ಲ" ಎನ್ನುವವನ ಮಾತಿನಲ್ಲಿ ಹುಟ್ಟದು, ಹುಟ್ಟಿದರೂ ಮೊದಲನೆಯ ನೊಂದ ಭುಜವನ್ನು ಕಂಡಾಗಲೇ ಸಾಯುತ್ತದೆ. ಇನ್ನು ಹಾಕುವವನ ಜಾಗರೂಕತೆ: ನಿಧಿಯು ಹಣ ಕೊಟ್ಟರೆ ಶಿಕ್ಷಣ ನಿಲ್ಲಬೇಕಾಗಿಲ್ಲ. ಒಂದೇ ಜಾಗದಿಂದ ಮೇಲಿಂದ ಮೇಲೆ ಅರ್ಜಿ ಬಂದರೆ ಅಲ್ಲಿಯವರಿಗೆ ಎರಡು ಬೆರಳ ಅಳತೆಯನ್ನು ಮತ್ತೆ ಕಲಿಸತಕ್ಕದ್ದು. ಸಾಲು ಬೆಳೆಯಿತೆಂಬ ದೂರಿಗೂ ಸಾಲಿನಲ್ಲಿರುವವರನ್ನು ಹೊರಡಿಸುವುದು ಉತ್ತರವಾಗದು; ವಿಚಾರಣಾಧಿಕಾರಿಗಳನ್ನು ಹೆಚ್ಚಿಸುವುದು ಉತ್ತರ.

ಎಲ್ಲ ದೇಶಗಳೂ ಋಣದ ಗಡಿಯನ್ನು ಒಂದೇ ಕಡೆ ಎಳೆದಿಲ್ಲ. ಇಂಗ್ಲೆಂಡು ೧೯೭೯ರಲ್ಲಿ ಇಂತಹದೊಂದು ಶಾಸನವನ್ನು ಮಾಡಿ, ನೂರಕ್ಕೆ ೮೦ರಷ್ಟು ಅಂಗವೈಕಲ್ಯವಾದವರಿಗೆ ಮಾತ್ರ ಹಣ ಸಲ್ಲುವುದೆಂದಿತು. ೨೦೦೨ರಲ್ಲಿ ಅದು ನೂರಕ್ಕೆ ೬೦ಕ್ಕೆ ಇಳಿಯಿತು. ಭುಜದ ಬೇನೆಯವನು ಆ ಗಡಿಯ ಹತ್ತಿರಕ್ಕೂ ಬರುವುದು ಕಷ್ಟ. ಅಮೆರಿಕೆಯಲ್ಲಿಯೂ ಕೋವಿಡ್ ಲಸಿಕೆಗಳು ಬಂದಾಗ ಅವನ್ನು ೧೯೮೬ರ ಏರ್ಪಾಡಿನ ಹೊರಗಿಟ್ಟು, ತುರ್ತಿನ ಕಾಲಕ್ಕೆಂದು ಮಾಡಿದ್ದ ಮತ್ತೊಂದು ಏರ್ಪಾಡಿಗೆ ಒಪ್ಪಿಸಿದರು. ಅದರಲ್ಲಿ ಅರ್ಜಿಗೆ ಒಂದೇ ವರ್ಷದ ಅವಧಿ, ಯಾತನೆಗೆ ಹಣವಿಲ್ಲ, ವಕೀಲರ ಫೀಜು ಇಲ್ಲ. ಎಲ್ಲಕ್ಕಿಂತ ಗಟ್ಟಿಯಾಗಿ ಜನರನ್ನು ಕರೆದ ಕಾಲದಲ್ಲಿಯೇ ಬಾಗಿಲು ಎಲ್ಲಕ್ಕಿಂತ ಕಿರಿದಾದದ್ದು ವಿಚಾರಕ್ಕೆ ಅರ್ಹವಾದ ಸಂಗತಿ. ಕರೆಯುವ ಧ್ವನಿ ಎಷ್ಟು ದೊಡ್ಡದೋ ಋಣವೂ ಅಷ್ಟು ದೊಡ್ಡದಾಗಿರಬೇಕಾಗಿತ್ತು.

ಹಣದಿಂದ ತೋಳು ಮೇಲಕ್ಕೆ ಏಳುವುದಿಲ್ಲವೆಂಬುದು ನಿಜ. ದರ್ಜಿಯ ತೋಳು, ಶಾಲೆಯಲ್ಲಿ ಹಲಗೆಯ ಮೇಲೆ ಬರೆಯುವ ಉಪಾಧ್ಯಾಯಿನಿಯ ತೋಳು, ಕೂಸನ್ನೆತ್ತಿಕೊಳ್ಳುವ ತಾಯಿಯ ತೋಳು, ಇವುಗಳಿಗೆ ಡಾಲರಿನ ಲೆಕ್ಕದಲ್ಲಿ ಬೆಲೆಯನ್ನು ಯಾರು ಕಟ್ಟಿಯಾರು? ಆದರೂ ನೊಂದವನಿಗೆ ಸಮಾಜವು ಒಂದು ಮಾತನ್ನು ಹೇಳಬಲ್ಲುದು: "ನಿನಗಾದದ್ದು ಸುಳ್ಳಲ್ಲ, ನೀನು ನಮ್ಮೊಡನೆ ನಿಂತಿದ್ದಾಗ ಆಯಿತು, ಅದರ ಭಾರವು ನಿನ್ನೊಬ್ಬನದಲ್ಲ." ಅಪರಾಧಿಯನ್ನು ಹುಡುಕಿ ಹಿಡಿದ ಮೇಲೆ ಈ ಮಾತನ್ನು ಹೇಳುತ್ತೇನೆನ್ನುವ ಸಮಾಜವು ಬಹುಮಂದಿಗೆ ಅದನ್ನು ಹೇಳದೆಯೇ ಉಳಿದುಬಿಡುತ್ತದೆ. ಸಣ್ಣ ನೋವುಗಳ ವಿಷಯದಲ್ಲಿಯೇ ಈ ಪರೀಕ್ಷೆ ಹೆಚ್ಚು ಕಠಿನವಾದದ್ದು. ದೊಡ್ಡ ದುರಂತವನ್ನು ಕಂಡಾಗ ಎಂತಹವರ ಮನಸ್ಸೂ ಕರಗುತ್ತದೆ. ಹೊರಗೆ ಗಾಯವೇ ಕಾಣದ ಒಂದು ಭುಜದ ಮುಂದೆಯೂ ತನ್ನ ಋಣವನ್ನು ನೆನೆಯಬಲ್ಲ ಸಮಾಜಕ್ಕೆ, ಮತ್ತೆ ತೋಳನ್ನು ಚಾಚಿರೆಂದು ಕೇಳುವ ಹಕ್ಕು ಉಳಿದಿರುತ್ತದೆ.