ಅಜ್ಜಿ ಕಂಡುಹಿಡಿದ ಪದ

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಬಿಸಿಡಿ ಕಲಿತದ್ದೇ ಐದನೇ ಕ್ಲಾಸಿನಲ್ಲಿ. ಆಮೇಲೆ ಮದುವೆಯಾಗಿ, ಮಕ್ಕಳ ಹೋಂವರ್ಕ್ ಮಾಡಿಸುತ್ತ ಮಾಡಿಸುತ್ತ ಒಂದಿಷ್ಟು ಇಂಗ್ಲಿಷ್ ಕೈಗೆ ಹತ್ತಿತು. ಓದಿದರೆ ತಿಳಿಯುತ್ತದೆ, ಎದುರಿಗೆ ನಿಂತು ಯಾರಾದರೂ ಮಾತಾಡಿಸಿದರೆ ಮಾತ್ರ ನಾಲಿಗೆ ಏಳುವುದಿಲ್ಲ. ಈ ವಯಸ್ಸಿನಲ್ಲಿ ಇನ್ನೇನು ನಾಚಿಕೆ ಎಂದುಕೊಂಡಿದ್ದೆ. ಅದು ಒಳಗೇ ಉಳಿದಿದೆ ಎಂದು ಗೊತ್ತಾದದ್ದು ಕಳೆದ ಬೇಸಿಗೆ ರಜೆಯಲ್ಲಿ, ಹತ್ತು ವರ್ಷದ ಮೊಮ್ಮಗಳ ಎದುರು.

ಬೆಂಗಳೂರಿನಿಂದ ಬರುವಾಗ ಅವಳು ಸ್ಕ್ರ್ಯಾಬಲ್ ಆಟದ ಡಬ್ಬಿ ತಂದಿದ್ದಳು. ಅದರಲ್ಲಿ 100 ಬಿಲ್ಲೆಗಳು. ಎರಡು ಖಾಲಿ, ಉಳಿದವುಗಳ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ. ಒಬ್ಬೊಬ್ಬರೂ ಏಳು ಬಿಲ್ಲೆ ತೆಗೆದುಕೊಂಡು, ಹಿಂದುಮುಂದು ಮಾಡಿ, ಪದ ಕಟ್ಟಿ ಮಣೆಯ ಮೇಲೆ ಜೋಡಿಸಬೇಕು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಮಾಡಿದ ಆಟ ಇದು. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಪತ್ರಿಕೆಯ ಪುಟಗಳಲ್ಲಿ ಎಣಿಸಿ ಬಿಲ್ಲೆಗಳ ಲೆಕ್ಕ ಹಾಕಿದನಂತೆ. ಹಾಗಾಗಿಯೇ ‘ಇ’ ಹನ್ನೆರಡು, ‘ಕ್ಯೂ’ ಒಂದೇ ಒಂದು. ನಮ್ಮ ಕನ್ನಡದಲ್ಲಿ ‘ಕಿ’ ಎಂದರೆ ವ್ಯಂಜನದ ಜೊತೆ ಸ್ವರವೂ ಅಂಟಿಕೊಂಡೇ ಬರುತ್ತದೆ. ಬಿಡಿಸಿ ಆಚೀಚೆ ಇಡಲು ಬರುವುದಿಲ್ಲ. ಇಂಗ್ಲಿಷಿನ ಅಕ್ಷರಗಳಿಗೆ ಅಂಥ ಸಂಸಾರದ ತಾಪತ್ರಯವಿಲ್ಲ. ಯಾರು ಎಲ್ಲಿ ಬೇಕಾದರೂ ಹೋಗಿ ಕೂರಬಹುದು.

ಮೊದಲ ಮೂರು ದಿನ ನಾನು ‘ಕ್ಯಾಟ್’, ‘ರ‍್ಯಾಟ್’ ಎಂದು ಇಟ್ಟೆ, ಸೋತೆ. ನಾಲ್ಕನೆಯ ದಿನ ರಾತ್ರಿ ಮೊಮ್ಮಗಳು ಫೋನಿನಲ್ಲಿ ಅವರಮ್ಮನಿಗೆ, “ಪಾಪ, ಅಜ್ಜಿಗೆ ಚಿಕ್ಕ ಚಿಕ್ಕ ಪದ ಅಷ್ಟೇ ಬರೋದು” ಎಂದದ್ದು ಕೇಳಿಸಿತು. ಮಗುವಿನ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ಆ ‘ಪಾಪ’ ಎಂಬುದು ಚುಚ್ಚಿತು.

ಮರುದಿನ ಮೊದಲ ಸರದಿ ನನ್ನದು. ನನಗೆ ಬಂದದ್ದು ಎ, ಇ, ಐ, ಎನ್, ಆರ್, ಎಸ್, ಟಿ. ಹಾಲು ಉಕ್ಕೀತು ಎಂದು ನೆಪ ಹೇಳಿ ಅಡುಗೆಮನೆಗೆ ಹೋದೆ. ಅಕ್ಷರ ಕೊಟ್ಟರೆ ಪದ ಹುಡುಕಿಕೊಡುವ ಸೌಕರ್ಯ ಈಗ ಮೊಬೈಲಿನಲ್ಲೇ ಇದೆಯಲ್ಲ. ಅದರ ಕೆಲಸ ಬಹಳ ಸರಳ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಎಬಿಸಿಡಿ ಕ್ರಮಕ್ಕೆ ಜೋಡಿಸಿಟ್ಟುಕೊಂಡರೆ, ಒಂದೇ ಅಕ್ಷರಗಳ ಪದಗಳೆಲ್ಲ ಒಂದೇ ಡಬ್ಬಿಗೆ ಬೀಳುತ್ತವೆ; ನಾವು ಕೇಳಿದಾಗ ಆ ಡಬ್ಬಿಯ ಮುಚ್ಚಳ ತೆರೆದರಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ರಿಟೇನ್ಸ್, ನಾಸ್ಟಿಯರ್, ರೆಟಿನಾಸ್ ಎಂದು ಸಾಲಾಗಿ ಬಂದವು. ಇದ್ದುದರಲ್ಲಿ ಗಂಭೀರವಾಗಿ ಕಂಡ ‘ರೆಟ್ಸೀನಾ’ ಆರಿಸಿ, ಬಂದು ಮಣೆಯ ನಟ್ಟನಡುವೆ ಜೋಡಿಸಿದೆ. ಏಳು ಬಿಲ್ಲೆಗೆ ಏಳು, ನಡುಮನೆಗೆ ಇಮ್ಮಡಿಯಾಗಿ ಹದಿನಾಲ್ಕು, ಏಳನ್ನೂ ಒಟ್ಟಿಗೆ ಬಳಸಿದ್ದಕ್ಕೆ 50. ಒಟ್ಟು 64.

“ಅಯ್ಯೋ ಅಜ್ಜಿ! ಹಾಗಂದ್ರೇನು?”

“ಅದೊಂದು ಹೂವು” ಎಂದೆ.

ಅವಳು ಅನುಮಾನಿಸಲಿಲ್ಲ. ರಾತ್ರಿ ಫೋನಿನಲ್ಲಿ, “ಅಮ್ಮಾ, ಅಜ್ಜಿಗೆ ನಿಂಗಿಂತ ಜಾಸ್ತಿ ಇಂಗ್ಲಿಷ್ ಬರುತ್ತೆ” ಎಂದು ಹೆಮ್ಮೆಯಿಂದ ಹೇಳಿದಳು. ಮಲಗುವ ಮುಂಚೆ ನಿಘಂಟು ನೋಡಿದೆ. ರೆಟ್ಸೀನಾ ಎಂದರೆ ಪೈನ್ ಮರದ ಅಂಟು ಬೆರೆಸಿದ ಗ್ರೀಸ್ ದೇಶದ ಮದ್ಯ! ಏಕಾದಶಿ ಮಾಡುವ ಅಜ್ಜಿ ಮೊಮ್ಮಗಳ ಮುಂದೆ ಸಾರಾಯಿ ಇಟ್ಟಂತಾಗಿತ್ತು. ನಗು ಬಂತು. ಆದರೆ ನಿದ್ದೆ ಬರಲಿಲ್ಲ.

ನಾನು ಮಾಡಿದ್ದಾದರೂ ಏನು? ಕಳ್ಳತನವೇ? ಪದಗಳು ಯಾರಪ್ಪನ ಸ್ವತ್ತೂ ಅಲ್ಲ. ಪುಸ್ತಕ ನೋಡಿ ಮೈಸೂರುಪಾಕು ಮಾಡಿದರೆ ಯಾರೂ ಕಳ್ಳಿ ಎನ್ನುವುದಿಲ್ಲ. ಅರ್ಥ ಗೊತ್ತಿಲ್ಲದ ಪದ ಇಟ್ಟದ್ದು ತಪ್ಪೇ? ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ ಎಂಬಾತ ಫ್ರೆಂಚ್ ಮಾತಾಡಲು ಬಾರದಿದ್ದರೂ ಪದಗಳನ್ನು ಬಾಯಿಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪಂದ್ಯವನ್ನೇ ಗೆದ್ದ. ಅವನನ್ನು ಯಾರೂ ಮೋಸಗಾರನೆನ್ನಲಿಲ್ಲ. ಅರ್ಥ ಗೊತ್ತಿರದಿದ್ದರೂ ದುಡಿಮೆ ಅವನದಾಗಿತ್ತು, ಅವನು ಏನು ಮಾಡಿದನೆಂದು ಎಲ್ಲರಿಗೂ ಗೊತ್ತಿತ್ತು.

ನನ್ನ ತಪ್ಪು ಇದ್ದದ್ದು ಅಲ್ಲೇ. ಪದ ಹುಡುಕಿದ್ದು ಯಂತ್ರ, ಹೊಗಳಿಕೆ ಇಸಿದುಕೊಂಡದ್ದು ನಾನು. ಆಟದಲ್ಲಿ ತಾನೇ, ಏನು ಮಹಾ ಎಂದು ಮನಸ್ಸು ವಾದಿಸಿತು. ಆದರೆ ಮಗುವಿಗೆ ಆಟಕ್ಕಿಂತ ದೊಡ್ಡ ನಿಜ ಬೇರೆ ಯಾವುದಿದೆ?

ಬೆಳಿಗ್ಗೆ ಜಡೆ ಹಾಕುತ್ತ ಎಲ್ಲವನ್ನೂ ಹೇಳಿಬಿಟ್ಟೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಸುಮ್ಮನಾದಳು. ಆಮೇಲೆ, “ಮತ್ತೆ ನಾನು ಅಮ್ಮಂಗೆ ಹೇಳಿದ್ನಲ್ಲಾ ಅಜ್ಜಿ” ಎಂದಳು.

ಅಷ್ಟೇ ಮಾತು. ನಾನು ಯೋಚಿಸದೇ ಇದ್ದದ್ದು ಅದೊಂದನ್ನೇ. ಸುಳ್ಳು ಹೇಳಿದವರ ಬಳಿಯೇ ಸುಳ್ಳು ಉಳಿಯುವುದಿಲ್ಲ. ನಂಬಿದವರ ಬಾಯಿಂದ ಮುಂದಕ್ಕೆ ಹೋಗುತ್ತದೆ. ನನ್ನ ಮಾತನ್ನು ನಂಬಿದ ತಪ್ಪಿಗೆ, ಏನೂ ಅರಿಯದ ಮಗು ತನ್ನ ತಾಯಿಗೆ ಸುಳ್ಳು ಹೇಳಿದಂತಾಗಿತ್ತು. ಇನ್ನೊಂದು ನಷ್ಟವೂ ಆಗಿತ್ತು. ‘ನಂಗೆ ಬರಲ್ಲ, ನೀನೇ ಹೇಳಿಕೊಡು ಪುಟ್ಟಿ’ ಎಂದು ನಾಲ್ಕು ದಿನ ಮುಂಚೆ ಕೇಳಿದ್ದರೆ ಅವಳಿಗೆ ಎಷ್ಟು ಖುಷಿಯಾಗುತ್ತಿತ್ತು! ಅಜ್ಜಿಗೆ ಮೇಷ್ಟ್ರಾಗುವ ಅವಕಾಶವನ್ನು ನನ್ನ ಒಣಜಂಬ ಕಿತ್ತುಕೊಂಡಿತ್ತು.

ಆ ದಿನವಿಡೀ ಮಣೆ ಕಪಾಟಿನಲ್ಲೇ ಇತ್ತು. ಮಗಳಿಗೆ ನಾನೇ ಫೋನ್ ಮಾಡಿ ಹೇಳಿದೆ. ಮಾರನೆಯ ಮಧ್ಯಾಹ್ನ ಮೊಮ್ಮಗಳು ತಾನಾಗಿ ಡಬ್ಬಿ ತಂದು ಎರಡು ಷರತ್ತು ಹಾಕಿದಳು. ಆಟ ಮುಗಿಯುವ ತನಕ ಮೊಬೈಲ್ ಮುಟ್ಟಬಾರದು. ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಕೂತು, ಎಂಥೆಂಥ ಪದ ಕೈತಪ್ಪಿದವೆಂದು ನೋಡಬೇಕು, ಅರ್ಥದ ಸಮೇತ.

ರಜೆ ಮುಗಿಯುವವರೆಗೂ ನಾನು ಬಹುತೇಕ ಸೋತೆ. ಮೂರಕ್ಷರ, ನಾಲ್ಕಕ್ಷರದ ಪದಗಳೇ. ಆದರೆ ಅವಳು “ಇದು ನಿಂದೇನಾ ಅಜ್ಜಿ?” ಎಂದು ಕೇಳಿದಾಗ, ಕಣ್ಣು ತಪ್ಪಿಸದೆ ಹೌದು ಎನ್ನುತ್ತಿದ್ದೆ.