ತಿದ್ದುವ ಕೈ

ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ ಸಾಕಾಗಿದೆ. ಅದರ ನೆರೆಯಲ್ಲೇ ‘ತಿದ್ದು’ ಎಂಬ ಇನ್ನೊಂದು ಮಾತಿದೆ. ಹಿರಿಯರು ಸ್ಲೇಟಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆ ಮಗು ಬಳಪ ಆಡಿಸುವುದೂ ತಿದ್ದುವುದೇ. ಮಗು ಬರೆದದ್ದರ ತಪ್ಪನ್ನು ಮೇಷ್ಟರು ಕೆಂಪು ಶಾಯಿಯಲ್ಲಿ ಸರಿಪಡಿಸುವುದೂ ತಿದ್ದುವುದೇ. ಅಕ್ಷರದ ಮಟ್ಟಿಗೆ ಇದರಲ್ಲಿ ಅನ್ಯಾಯವೇನೂ ಇಲ್ಲ. ‘ಅ’ ಎಂಬುದು ಊರ ಕೆರೆಯಂತೆ ಎಲ್ಲರ ಸೊತ್ತು. ಒಬ್ಬೊಬ್ಬರು ಒಂದೊಂದು ತೆರನಾಗಿ ಬರೆದರೆ ಓದುವವರ ಗತಿಯೇನು? ಆದರೆ ಚಿತ್ರಕ್ಕೂ ಇದೇ ನ್ಯಾಯ ಸಲ್ಲುತ್ತದೆಯೇ? ಮಗುವಿನ ಹಾಳೆಯ ಮೇಲೆ ದೊಡ್ಡವರ ಕೈ ಇಳಿಯಬಹುದೇ?

ಪ್ರಶ್ನೆ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರದಿರುವುದಕ್ಕೆ ಕಾರಣ, ಭಾನುವಾರದ ಬೆಳಗುಗಳಲ್ಲಿ ನಾನು ಟಿ. ದಾಸರಹಳ್ಳಿಯ ಒಂದು ಮನೆಯ ತಾರಸಿಯ ಮೇಲೆ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಚಿತ್ರ ಬರೆಸುತ್ತೇನೆ. ಎಲ್ಲರೂ ಐದರಿಂದ ಎಂಟು ವರ್ಷದವರು. ಅವರ ತಂದೆತಾಯಿಯರಲ್ಲಿ ಹೆಚ್ಚಿನವರಿಗೆ ಪಕ್ಕದ ಪೀಣ್ಯದಲ್ಲಿ ಕೆಲಸ. ಲೇತಿನ ಮುಂದೆ ನಿಲ್ಲುವವರು, ಅಚ್ಚು ಮಾಡುವವರು, ಸಿದ್ಧ ಉಡುಪಿನ ಹೊಲಿಗೆಯಂತ್ರದ ಮುಂದೆ ಕೂರುವವರು. ನಮ್ಮ ಸಾಮಗ್ರಿ ಬಲು ಸಾಧಾರಣವಾದದ್ದು: ಮೇಣದ ಬಣ್ಣದ ಕಡ್ಡಿ, ನೀರುಬಣ್ಣ, ಇದ್ದಿಲು, ಶಾಯಿ, ಕಾರ್ಖಾನೆಯ ಪೆಟ್ಟಿಗೆಗಳಿಂದ ಹರಿದ ಕಂದು ರಟ್ಟು. ಒಂದೇ ಹಾಳೆಯ ಮೇಲೆ ಇವುಗಳಲ್ಲಿ ಎರಡು ಮೂರನ್ನು ಬೆರೆಸಬಹುದು. ನಿಯಮ ಅಷ್ಟೇ.

ಬೆರೆಸುವುದರಲ್ಲಿ ಒಂದು ಗುಣವಿದೆ; ಬರಿಯ ಪೆನ್ಸಿಲಿನಲ್ಲಿ ಅದು ಸಿಕ್ಕುವುದಿಲ್ಲ. ಬಿಳಿಯ ಮೇಣದ ಕಡ್ಡಿಯಿಂದ ಬಿಳಿಯ ಹಾಳೆಯ ಮೇಲೆ ಗೀಚಿದರೆ ಏನೂ ಕಾಣದು. ಮೇಲೆ ತೆಳುವಾದ ನೀಲಿ ನೀರುಬಣ್ಣ ಹರಿಸಿದರೆ ಮೇಣ ನೀರನ್ನು ಒಲ್ಲೆನೆನ್ನುತ್ತದೆ, ಗೀಚಿದ ಗೆರೆಗಳೆಲ್ಲ ಮಳೆಯಾಗಿ ಎದ್ದು ನಿಲ್ಲುತ್ತವೆ. ಹಾಗೆಂದು ಮೊದಲೇ ಬಣ್ಣ ಬಳಿದು, ಅದು ಆರುವ ಮುನ್ನ ಕಡ್ಡಿ ಆಡಿಸಿದರೆ ಹಾಳೆ ಹರಿಯುತ್ತದೆ. ಒದ್ದೆಯ ಮೇಲೆ ಶಾಯಿ ಬಿಟ್ಟರೆ ಹಬ್ಬುತ್ತದೆ. ಒಣಗಿದ ಮೇಲೆ ಬಿಟ್ಟರೆ ನಿಂತ ಕಡೆ ನಿಲ್ಲುತ್ತದೆ. ಇವನ್ನೆಲ್ಲ ನಾನು ಹೇಳಿಕೊಡಬೇಕಾದದ್ದೇ ಇಲ್ಲ. ಮೇಣವೂ ನೀರೂ ಸೇರಿ ಮಗುವಿಗೆ ‘ಇಲ್ಲ’ ಎನ್ನುತ್ತವೆ. ಆ ‘ಇಲ್ಲ’ದಲ್ಲಿ ಬೈಗುಳವಿಲ್ಲ, ಪಕ್ಕದ ಹುಡುಗಿಯ ಹೋಲಿಕೆಯಿಲ್ಲ. ಹಾಳೆ ಹರಿದ ಹುಡುಗ ಅಳುವುದನ್ನು ನಾನು ಕಂಡಿಲ್ಲ, ಇನ್ನೊಂದು ಹಾಳೆ ಕೇಳುವುದನ್ನು ಕಂಡಿದ್ದೇನೆ. ‘ಆನೆಗೆ ಇಷ್ಟು ಸಣ್ಣ ಕಾಲೇ?’ ಎಂದು ದೊಡ್ಡವರು ನಕ್ಕಾಗ ಅತ್ತದ್ದುಂಟು.

ಈಗ ತಿದ್ದುವ ಕೈಯ ವಿಚಾರ. ಒಮ್ಮೆ ಒಂದು ಸ್ಪರ್ಧೆಯಲ್ಲಿ (ನಡೆಸಿದವರ ಹೆಸರು ಇಲ್ಲಿ ಬೇಡ) ನಮ್ಮ ಕಡೆಯ ಹುಡುಗಿಯೊಬ್ಬಳು ಮೆಟ್ರೊ ರೈಲಿನ ಚಿತ್ರ ಬರೆದಳು. ತುಮಕೂರು ರಸ್ತೆಯ ಮೇಲೆ 2015ರ ಮೇ ತಿಂಗಳಿಂದ ನಮ್ಮ ದಾಸರಹಳ್ಳಿಯ ನಿಲ್ದಾಣದಲ್ಲಿ ನಿಂತು ಹೋಗುತ್ತಿರುವ ರೈಲು ಅದು. ಅವಳ ಚಿತ್ರದಲ್ಲಿ ಕಂಬಗಳಿರಲಿಲ್ಲ. ಆರು ವರ್ಷದ ಎತ್ತರದಿಂದ ಕತ್ತೆತ್ತಿ ನೋಡುವವಳಿಗೆ ರೈಲು ಮೋಡಗಳ ನಡುವೆಯೇ ಹೋಗುತ್ತದೆ. ಅಲ್ಲಿದ್ದ ಮೇಲ್ವಿಚಾರಕರೊಬ್ಬರಿಗೆ ಮರುಕ ಬಂತು. ಕುಂಚ ತೆಗೆದುಕೊಂಡು ನಾಲ್ಕು ಕಂಬಗಳನ್ನು ನೆಟ್ಟಗೆ ನಿಲ್ಲಿಸಿದರು. ಕಂಬ ನಿಂತ ಮೇಲೆ ಕೆಳಗೆ ರಸ್ತೆ ಬೇಕಲ್ಲ, ಅದೂ ಬಂತು. ಬಹುಮಾನವೂ ಬಂತು. ತಾಯಿ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದರು. ಹುಡುಗಿ, ಬಂದ ನೆಂಟರಿಗೆಲ್ಲ, ‘ಕಂಬ ನಾನು ಬರೆದದ್ದಲ್ಲ’ ಎಂದು ಹೇಳುತ್ತಿದ್ದಳಂತೆ. ತಾಯಿ ಒಂದೆರಡು ಸಲ ಗದರಿಸಿದ ಮೇಲೆ ಹೇಳುವುದನ್ನು ಬಿಟ್ಟಳು.

ಇದರಲ್ಲಿ ಕೆಟ್ಟದ್ದು ಯಾವುದು? ಕಂಬಗಳು ಚೆನ್ನಾಗಿಯೇ ಇದ್ದವು. ಮಗುವಿನ ‘ಕಲ್ಪನಾಶಕ್ತಿ’ ಕುಂದಿತೆಂದು ಶಿಕ್ಷಣತಜ್ಞರು ಹೇಳುತ್ತಾರೆ. 1947ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಕ್ಟರ್ ಲೋವೆನ್‌ಫೆಲ್ಡ್ ಅವರು, ಬಣ್ಣ ತುಂಬುವ ಪುಸ್ತಕಗಳಲ್ಲಿ ಅಚ್ಚಾದ ಗೆರೆಗಳ ಮಧ್ಯೆ ದುಡಿದ ಮಗು ತನ್ನ ಗೆರೆಯಲ್ಲಿ ನಂಬಿಕೆ ಕಳೆದುಕೊಳ್ಳುತ್ತದೆ ಎಂದು ವಾದಿಸಿದರು. ಇರಬಹುದು. ಆದರೆ ನನ್ನ ಆಕ್ಷೇಪ ಕಲೆಯದ್ದಲ್ಲ, ಸತ್ಯದ್ದು. ಹಾಳೆಯ ಕೆಳಗೆ ಹೆಸರು, ತರಗತಿ ಎಂದು ಬರೆಸಿದ್ದರಲ್ಲ? ಆ ಹೆಸರು ಒಂದು ಸಾಕ್ಷಿ. ಮೇಲಿರುವುದು ತನ್ನದಲ್ಲವೆಂದು ತಿಳಿದೂ ಕೆಳಗೆ ತನ್ನ ಹೆಸರನ್ನು ಉಳಿಸಿಕೊಂಡು ಚಪ್ಪಾಳೆ ಸ್ವೀಕರಿಸುವುದನ್ನು ನಾವು ಆರು ವರ್ಷದವಳಿಗೆ ಕಲಿಸಿದೆವು. ಅವಳು ನಿಜ ಹೇಳಿದಾಗ ಗದರಿಸಿಯೂ ಕಲಿಸಿದೆವು. ಹಿರಿಯರ ದಯೆಯಿಂದಲೇ ಇದು ನಡೆಯಿತೆಂಬುದು ಸಂಗತಿಯನ್ನು ಇನ್ನಷ್ಟು ಕಷ್ಟಕ್ಕೀಡುಮಾಡುತ್ತದೆ.

ಹಾಗಾದರೆ ನಮ್ಮ ಹೆಂಗಸರು ರಂಗೋಲಿ ಕಲಿಸುವಾಗ ಮಗಳ ಬೆರಳು ಹಿಡಿದು ಎಳೆ ತಿದ್ದುವುದಿಲ್ಲವೇ ಎಂದು ಕೇಳಬಹುದು. ಸಾಗರದ ಕಡೆಯ ದೀವರ ಮನೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ಗೋಡೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿಯ ನಾರು; ನಮ್ಮ ತಾರಸಿಯ ಬೆರಕೆಗಿಂತ ಎಷ್ಟೋ ಹಳೆಯ ಬೆರಕೆ ಅದು. ಅಲ್ಲಿಯೂ ಎಳೆಗಳಿಗೆ ಸಂಪ್ರದಾಯದ ಲೆಕ್ಕವಿದೆ, ಎಳೆಯರು ಹಿರಿಯರ ಪಕ್ಕದಲ್ಲೇ ಕಲಿಯುತ್ತಾರೆ. ನಿಜ. ಆದರೆ ರಂಗೋಲಿಯ ಕೆಳಗೆ ಯಾರೂ ಹೆಸರು ಹಾಕುವುದಿಲ್ಲ. ಅದು ಹೊಸಿಲಿನದು, ನಾಳೆ ಬೆಳಗ್ಗೆ ನೀರಿಗೆ ಹೋಗುವುದು. ಚಿತ್ತಾರವೂ ಮನೆಯದು, ಮದುವೆಯದು. ಹತ್ತು ಕೈ ಸೇರಿ ಮಾಡಿದ್ದನ್ನು ಹತ್ತು ಕೈಯದೆಂದೇ ಎಲ್ಲರೂ ಬಲ್ಲ ಕಡೆ ತಿದ್ದುವ ಕೈ ಸುಳ್ಳಾಡುವುದಿಲ್ಲ. ಅಂಥ ಕೆಲಸವನ್ನೂ ಮಕ್ಕಳಿಂದ ಮಾಡಿಸಬೇಕು. ಒಂದು ದೊಡ್ಡ ರಟ್ಟನ್ನು ನೆಲಕ್ಕೆ ಹಾಸಿದರೆ ನಾನೂ ಅವರೊಡನೆ ಕೂತು ಬರೆಯುತ್ತೇನೆ, ಸಂತೋಷವಾಗಿಯೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ತಂದವರು ಒಬ್ಬ ಹುಡುಗನ ತಂದೆ. ಪೀಣ್ಯದಲ್ಲಿ ಲೇತು ನಡೆಸುವವರು. ‘ನಮ್ಮಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಮಾಲು ಗುಜರಿಗೆ. ನೀವು ಹೇಗೆ ಬರೆದರೂ ಸರಿ ಅಂತೀರಿ. ನಾಳೆ ಇವನು ಬದುಕೋದು ಹೇಗೆ?’ ಎಂದರು. ನಾನು ಹೇಳಿದೆ: ‘ನಿಮ್ಮ ನಕ್ಷೆ ಗಿರಾಕಿಯ ಕಡೆಯಿಂದ ಬರುತ್ತದೆ, ಮಾಲನ್ನು ಅದಕ್ಕೆ ಇಟ್ಟು ಅಳೆಯಬಹುದು. ಇವನ ಚಿತ್ರಕ್ಕೆ ಇವನೇ ಗಿರಾಕಿ.’ ಈ ಮಾತು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಕಂಬದ ಕತೆಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ತಪ್ಪು ಬಿಡಿ. ನಮ್ಮ ಇನ್‌ಸ್ಪೆಕ್ಟರು ಅಳೆದು ವಾಪಸ್ ಕಳಿಸ್ತಾನೆ. ತಾನೇ ಉಜ್ಜಿ ಸರಿಮಾಡಿ ನನ್ನ ನಂಬರಿಗೆ ಬರೆಯೋದಿಲ್ಲ,’ ಎಂದರು. ಗ್ರಂಥಗಳಲ್ಲಿ ನಾನು ಹುಡುಕುತ್ತಿದ್ದ ಮಾತು ಇದೇ ಆಗಿತ್ತು.

ಕೈಯನ್ನು ಹಾಳೆಯಿಂದ ದೂರವಿಟ್ಟ ಮಾತ್ರಕ್ಕೆ ಗುರು ಪರಿಶುದ್ಧನಾದನೆಂದೂ ತಿಳಿಯಬೇಕಾಗಿಲ್ಲ. ವಿಯೆನ್ನಾದಲ್ಲಿ 1897ರಲ್ಲಿ ಮಕ್ಕಳ ಕಲಾತರಗತಿ ತೆರೆದ ಫ್ರಾಂಟ್ಸ್ ಚಿಜೆಕ್ ಮಕ್ಕಳನ್ನು ಅವರ ಪಾಡಿಗೆ ಬೆಳೆಯಗೊಡುವುದೇ ತಮ್ಮ ವಿಧಾನವೆಂದು ಸಾರಿದವರು. ಅವರ ಶಿಷ್ಯರ ಚಿತ್ರಗಳು 1920ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡು ದೊಡ್ಡ ಹೆಸರು ಮಾಡಿದವು. ಆದರೆ ಯಾರೂ ತಿದ್ದದ ಆ ಮಕ್ಕಳ ಚಿತ್ರಗಳು ಒಂದನ್ನೊಂದು ಇಷ್ಟೇಕೆ ಹೋಲುತ್ತವೆ ಎಂದು ಮುಂದಿನ ವಿಮರ್ಶಕರು ಕೇಳದೆ ಬಿಡಲಿಲ್ಲ. ಹೋಲದೆ ಏನು! ಯಾವ ಸಾಮಗ್ರಿ ಕೊಡಬೇಕು, ಯಾವ ಚಿತ್ರವನ್ನು ಗೋಡೆಗೆ ಅಂಟಿಸಬೇಕು, ಯಾವುದರ ಮುಂದೆ ಒಂದು ಕ್ಷಣ ಹೆಚ್ಚು ನಿಲ್ಲಬೇಕು ಎಂಬುದೆಲ್ಲ ಗುರುವಿನ ಕೈಯೇ. ಮಕ್ಕಳು ನಮ್ಮ ಹುಬ್ಬನ್ನು ಓದಬಲ್ಲರು. ಮೇಣದ ಮಳೆಯನ್ನು ನಾನು ಒಮ್ಮೆ ಹೊಗಳಿದರೆ ಮುಂದಿನ ಭಾನುವಾರ ತಾರಸಿಯಲ್ಲೆಲ್ಲ ಮಳೆಯೇ. ಆಗ ಕಡ್ಡಿಗಳ ಡಬ್ಬವನ್ನು ಎತ್ತಿಟ್ಟು ಇದ್ದಿಲು ಹಂಚುತ್ತೇನೆ.

ನನಗೆ ಇಂದಿಗೂ ತೊಡಕಾಗಿರುವ ಸಂದರ್ಭ ಬೇರೆ. ನಾವಾಗಿ ತಿದ್ದುವುದಲ್ಲ, ಮಗುವೇ ಹಾಳೆ ತಂದು, ‘ಕುದುರೆ ಬರೆದುಕೊಡಿ’ ಎಂದು ಕೇಳುವುದು. ‘ನೀನೇ ಬರಿ’ ಎಂದರೆ ಸಿದ್ಧಾಂತ ಉಳಿಯುತ್ತದೆ, ಮಗು ಮುಖ ಬಾಡಿಸಿಕೊಂಡು ಹೋಗುತ್ತದೆ. ನಾನು ಬೇರೊಂದು ಹಾಳೆ ತೆಗೆದುಕೊಂಡು ಕುದುರೆ ಬರೆಯುತ್ತೇನೆ. ನನ್ನ ಕುದುರೆ ಅಷ್ಟಕ್ಕಷ್ಟೆ. ಕೆಳಗೆ ನನ್ನ ಹೆಸರು ಹಾಕಿ ಪಕ್ಕದಲ್ಲಿಡುತ್ತೇನೆ. ಕೆಲವರು ಅದನ್ನು ನೋಡಿ ಬರೆಯುತ್ತಾರೆ. ಕೆಲವರು ನೋಡಿ, ‘ಇದು ಕತ್ತೆ’ ಎಂದು ತಮ್ಮದನ್ನು ಬರೆಯತೊಡಗುತ್ತಾರೆ.