ಅರಗು, ಅಂಟು

(ಕಲಘಟಗಿ. ತೊಟ್ಟಿಲಿಗೆ ಬಣ್ಣ ಹಚ್ಚುವ ಕಾಕಾ. ಧಾರವಾಡದಲ್ಲಿ ಚಿತ್ರಕಲೆ ಓದುತ್ತಿರುವ ಅವರ ಅಣ್ಣನ ಮಗಳು.)

ಮಗಳು: ಕಾಕಾ, ಮಕೊಟೊ ಫುಜಿಮುರಾ ಅಂತ ಒಬ್ಬರು ಚಿತ್ರಗಾರರು ಅದಾರ. 1960ರಾಗ ಬಾಸ್ಟನ್ನಿನ್ಯಾಗ ಹುಟ್ಟಿದವರು, ಟೋಕಿಯೋಕ್ಕ ಹೋಗಿ ಹಳೀ ಜಪಾನಿ ಪದ್ಧತಿ ಕಲತರು. ನೀಲಿಗೆ ಅಜುರೈಟ್ ಕಲ್ಲು, ಹಸರಿಗೆ ಮ್ಯಾಲಕೈಟ್, ಬಿಳಿಗೆ ಸಿಂಪಿನ ಪುಡಿ. ಎಲ್ಲಾ ಹಿಡದಿಡೂದು ತೊಗಲು ಕುದಿಸಿ ತಗದ ಅಂಟು.

ಕಾಕಾ: ನಮ್ಮದು ಅರಗು, ಹುಳದ್ದು. ಜಪಾನಿನ ಉಸಾಬರಿ ನಮಗ್ಯಾಕವಾ?

ಮಗಳು: ಜಪಾನ್ ಅಷ್ಟೇನ ದೂರ ಇಲ್ರಿ. 1903ರಾಗ ತೈಕಾನ್, ಶುನ್ಸೋ ಅನ್ನೂ ಚಿತ್ರಗಾರರು ಕಲ್ಕತ್ತಾಕ್ಕ ಬಂದರು. ಬಣ್ಣ ನೀರಾಗ ತೊಳದು ತಿಳಿ ಮಾಡೂದನ್ನ ಅವನೀಂದ್ರನಾಥ ಟಾಗೋರರು ಅವರನ್ನ ನೋಡಿ ರೂಢಿಸಿಕೊಂಡರು. ಅವರ ಶಿಷ್ಯರ ನಮ್ಮ ಮೈಸೂರಿನ ಕೆ. ವೆಂಕಟಪ್ಪ. ಅದಿರಲಿ. ಆ ನೀಲಿ ಕಲ್ಲು ಐತಲ್ರಿ, ಪುಡಿ ದಪ್ಪಿದ್ದರ ಕಡುನೀಲಿ, ನುಣ್ಣಗ ಅರದಷ್ಟೂ ತಿಳಿ. ಹಂಗಾದ್ರ ಬಣ್ಣ ಕಲ್ಲಿನ್ಯಾಗ ಐತೋ, ಅರಿಯೂ ಕೈಯಾಗೋ?

ಕಾಕಾ: ಕೈದ ಏನ ನಡೀತೈತಿ? ಕಲ್ಲು ಒಪ್ಪಿದಷ್ಟ. ಜಗ್ಗಿ ಅರದರೂ ನೀಲಿ ಕಲ್ಲು ಕೆಂಪು ಕೊಡೂದಿಲ್ಲ. ಆದರ ಒಂದ ಕೇಳತೀನಿ. ಆ ಫುಜಿಮುರಾ ಅವರ ಮುಂದ ಅಂಗಡಿ ತುಂಬ ಬಣ್ಣ ಇದ್ದೂ ಕಲ್ಲು ಆರಿಸಿದರು. ನಮ್ಮಪ್ಪ ಏನೂ ಆರಿಸಲಿಲ್ಲ. ಕೂಸು ತೊಟ್ಟಿಲ ನೆಕ್ಕತೈತಿ, ಅದಕ್ಕ ಅರಗು. ಎರಡೂ ಒಂದ ಹೆಂಗ ಆಗ್ತಾವ?

ಮಗಳು: ಈಗ ನಿಮ್ಮ ಮುಂದೂ ಅಂಗಡಿ ಐತಿ. ಡಬ್ಬಿ ಪೇಂಟ್ ತಂದರ ಕೆಲಸ ಲಗೂ ಮುಗೀತೈತಿ. ಆದರೂ ತಿರಗೂ ಕಟಗಿಗೆ ಅರಗಿನ ಕಡ್ಡಿ ಒತ್ತಿ, ಕಾವಿಗೆ ಕರಗಿ ಹತ್ತೂ ತನಕ ಕುಂತಿರತೀರಿ. ನೀವೂ ಆರಿಸಿದಂಗ ಆತಲ್ರಿ?

ಕಾಕಾ: ಕೂಸು ಇನ್ನೂ ನೆಕ್ಕತೈತೆಲ್ಲ! ಅವರ ಚಿತ್ರಾ ಯಾರು ನೆಕ್ಕತಾರ?

ಮಗಳು: ಅವರಿಗೆ ಬೇರೆ ಕಾರಣ. ಪುಡಿ ಪದರದ ಮ್ಯಾಲೆ ಪದರ ಹಚ್ಚತಾರ. ಬೆಳಕು ಒಂದೊಂದು ಕಣಕ್ಕೂ ತಾಗಿ ಚದರತೈತಿ. ಬಿರಬಿರ ನೋಡಿ ಹ್ವಾದರ ಏನೂ ಕಾಣೂದಿಲ್ಲ, ನಿಂತು ನೋಡಬೇಕು.

ಕಾಕಾ: ದೊಡ್ಡವರಿಗೆ ನಿಂತು ನೋಡಂತ ಹೇಳಬೇಕಾಗೇತಿ. ತೊಟ್ಟಿಲದಾಗ ಮಲಗಿದ್ದಕ್ಕ ಯಾರೂ ಹೇಳೂದಿಲ್ಲ. ಮುಟ್ಟಾಕ ಬಿಡತಾರೇನು?

ಮಗಳು: ಗ್ಯಾಲರಿಯಾಗ ಮುಟ್ಟಾಕ ಬಿಡೂದಿಲ್ರಿ.

ಕಾಕಾ: ಮುಟ್ಟದ ಬಣ್ಣ ಗಟ್ಟಿ ಐತೋ ಇಲ್ಲೋ ಹೆಂಗ ತಿಳೀಬೇಕು?

ಮಗಳು: ತಿಳೀತೈತ್ರಿ. ಅಂಟು ಕಡಿಮಿ ಬಿದ್ದರ ಪುಡಿ ಉದರತೈತಿ, ಹೆಚ್ಚಾದರ ಬಿರಕ ಬಿಡತೈತಿ.

ಕಾಕಾ: ಹಾಂ, ಹಂಗಾದ್ರ ಅಂವಾ ನಮ್ಮಂವನ. ಕಲ್ಲಿಂದು ಬಿಡು, ಅಂಟಿನ ಹದ ಹೆಂಗ ನೋಡತಾರ, ಅದನ್ನ ಹೇಳು.